ಎರಡು ಜಡೆ ಕೂಡಿದಾಗ

ನೂರು ಜುಟ್ಟು ಒಟ್ಟಿಗಿದ್ದೀತು, ಎರಡು ಜಡೆ ಒಟ್ಟಿಗಿರಲಾರವು ಎಂಬ ಗಾದೆಯನ್ನು ಕೇಳದ ಹೆಂಗಸು ನಮ್ಮಲ್ಲಿ ಯಾರಿದ್ದಾರೆ ಹೇಳಿ? ಅತ್ತೆ-ಸೊಸೆಯ ಮಾತು ಬಂದಾಗ, ಓರಗಿತ್ತಿಯರ ಮನೆ ಪಾಲಾದಾಗ, ನಳ್ಳಿ ನೀರಿನ ಹತ್ತಿರ ನಾಲ್ಕು ಮಾತು ಜೋರಾದಾಗ ಗಂಡಸರು ನಗುತ್ತ ಈ ಗಾದೆಯನ್ನು ಹೊರಗೆ ತೆಗೆಯುತ್ತಾರೆ. ನಾವೂ ನಗುತ್ತೇವೆ. ಅದೇ ಬಾಯಿಯಲ್ಲಿ ಇನ್ನೊಂದು ಮಾತು — ತಾಯಿಗಿಂತ ದೊಡ್ಡ ದೇವರಿಲ್ಲ ಎಂದು. ಅಲ್ಲಿಗೆ ಏನಾಯಿತು ನೋಡಿ: ಹೆಣ್ಣು ತಾಯಿಯಾದರೆ ದೇವರು, ಇನ್ನೊಂದು ಹೆಣ್ಣಿನ ಪಕ್ಕ ನಿಂತರೆ ಜಗಳಗಂಟಿ! ಈ ಎರಡರ ನಡುವೆ ಮಕ್ಕಳನ್ನು ಹೆತ್ತು ದಣಿದ, ಮಾತಿಗೊಬ್ಬಳು ಸಿಕ್ಕಿದರೆ ಸಾಕಿತ್ತು ಎಂದುಕೊಳ್ಳುವ ಸಾಮಾನ್ಯ ಹೆಂಗಸು ಒಬ್ಬಳಿದ್ದಾಳಲ್ಲ, ಅವಳ ಸುದ್ದಿ ಎಲ್ಲಿ?

ಅವಳ ಸುದ್ದಿ ನಮ್ಮ ಲೇಖಕಿಯರ ಪುಸ್ತಕಗಳಲ್ಲಿ ಉಂಟು. ನಾನು ಹೈಸ್ಕೂಲಿಗೆ ಓದು ನಿಲ್ಲಿಸಿದವಳು. ವಿಮರ್ಶೆ ಬರೆಯುವ ವಿದ್ಯೆ ನನ್ನಲ್ಲಿಲ್ಲ. ಮಧ್ಯಾಹ್ನದ ಪಾತ್ರೆ ತೊಳೆದು ಮುಗಿದ ಮೇಲೆ, ಸಂಜೆಯ ಕಾಫಿಗೆ ಮೊದಲು ಸಿಗುವ ಒಂದೂವರೆ ಗಂಟೆಯಲ್ಲಿ ಓದಿದವಳು. ಹಾಗೆ ವರ್ಷಗಟ್ಟಲೆ ಓದುತ್ತ ಬಂದಾಗ ನನಗೊಂದು ವಿಷಯ ಕಂಡಿತು. ಈ ಕಥೆಗಳಲ್ಲಿ ತಾಯಿಯಾದವಳು ಉಳಿದಳೋ ಮುಳುಗಿದಳೋ ಎನ್ನುವುದು ಎಷ್ಟೋ ಸಲ ಗಂಡನ ಮೇಲೆ ಮಾತ್ರ ನಿಂತಿರುವುದಿಲ್ಲ. ಅವಳ ಪಕ್ಕದಲ್ಲಿ ಇನ್ನೊಬ್ಬ ಹೆಣ್ಣು ಇದ್ದಳೋ ಇಲ್ಲವೋ ಎಂಬುದರ ಮೇಲೂ ನಿಂತಿರುತ್ತದೆ.

ನನ್ನ ತಾಯಿ ವಾರಪತ್ರಿಕೆಗಳ ಧಾರಾವಾಹಿಗಳನ್ನು ಕತ್ತರಿಸಿ, ದಪ್ಪ ದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಇಡುತ್ತಿದ್ದರು. ಅದರಲ್ಲಿ ಎಷ್ಟೋ ಕಾದಂಬರಿಗಳಿಗೆ ನಡುವಿನ ಒಂದೆರಡು ಕಂತು ಇರಲಿಲ್ಲ. ಆ ವಾರದ ಸಂಚಿಕೆ ನೆರೆಮನೆಗೆ ಹೋದದ್ದು ತಿರುಗಿ ಬಂದಿರುವುದಿಲ್ಲ! ಹಾಗೆ ಅರ್ಧಂಬರ್ಧ ಓದಿದ ಕಥೆಗಳನ್ನು ಮದುವೆಯಾಗಿ ಮಂಗಳೂರಿಗೆ ಬಂದ ಮೇಲೆ ಲೈಬ್ರರಿಯಿಂದ ತಂದು ಪೂರ್ತಿ ಮಾಡಿಕೊಂಡೆ.

ತ್ರಿವೇಣಿಯವರಿಂದಲೇ ಶುರುಮಾಡುವ. ಅನಸೂಯಾ ಶಂಕರ್ ಎಂಬುದು ಅವರ ಹೆಸರು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದವರು. ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’ ಎಲ್ಲ ಸಿನಿಮಾ ಆಗಿ ನಮ್ಮ ಹಿಂದಿನ ತಲೆಮಾರಿನವರ ಬಾಯಲ್ಲಿ ನಲಿದವು. ಆದರೆ ತಾಯ್ತನದ ಮಾತು ಬಂದರೆ ‘ಶರಪಂಜರ’ವನ್ನೇ ಹೇಳಬೇಕು. ಪುಟ್ಟಣ್ಣ ಕಣಗಾಲರು 1971ರಲ್ಲಿ ಅದನ್ನು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು — ಇದು ನಿಮಗೆಲ್ಲ ಗೊತ್ತಿದ್ದದ್ದೇ. ಕಾವೇರಿ ಎರಡನೇ ಹೆರಿಗೆಯ ನಂತರ ಮನಸ್ಸು ಕದಡಿ ಆಸ್ಪತ್ರೆ ಸೇರುತ್ತಾಳೆ. ಚಿಕಿತ್ಸೆಯಾಗಿ, ವಾಸಿಯಾಗಿ, ಮಕ್ಕಳನ್ನು ನೋಡುವ ಆಸೆಯಿಂದ ಮನೆಗೆ ಬರುತ್ತಾಳೆ. ರೋಗ ಹೋಗಿತ್ತು, ರೋಗಿ ಎಂಬ ಹೆಸರು ಹೋಗಿರಲಿಲ್ಲ. ಅವಳು ಜೋರಾಗಿ ನಕ್ಕರೂ ತಪ್ಪು, ಸುಮ್ಮನೆ ಕೂತರೂ ತಪ್ಪು. ಕೊನೆಗೆ ಏನಾಯಿತೆಂದು ಓದಿದವರಿಗೆ, ನೋಡಿದವರಿಗೆ ಗೊತ್ತು.

ಗಂಡ ಸತೀಶ ಸರಿಯಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹೌದು, ಖಂಡಿತ. ಆದರೆ ನನಗೆ ಪ್ರತಿ ಸಲ ಓದುವಾಗಲೂ ಗಂಡನ ಹಿಂದೆ ನಿಂತ ಹೆಂಗಸರ ಗುಂಪೇ ಕಣ್ಣಿಗೆ ಹೊಡೆಯುವುದು. ನೆರೆಹೊರೆಯವರು, ಪರಿಚಯದವರು, ಕಿಟಕಿಯಿಂದ ನೋಡುವವರು. ಇವರಲ್ಲಿ ಒಬ್ಬಳು, ಒಬ್ಬಳೇ ಒಬ್ಬಳು, ಬಾಗಿಲು ತಟ್ಟಿ ಒಳಗೆ ಬಂದು, “ಏನು ಕಾವೇರಿ, ಒಂದು ಲೋಟ ಕಾಫಿ ಕೊಡ್ತೀಯಾ?” ಎಂದು ಕೇಳಿ, ಅವಳ ಕೈಯಿಂದ ಹೆದರದೆ ತೆಗೆದುಕೊಂಡು ಕುಡಿದಿದ್ದರೆ? ಕಾದಂಬರಿಯ ದಾರಿಯೇ ಬದಲಾಗುತ್ತಿತ್ತೋ ಏನೋ. ತ್ರಿವೇಣಿಯವರು ಅಂಥ ಗೆಳತಿಯನ್ನು ಕಾವೇರಿಗೆ ಕೊಡಲಿಲ್ಲ. ಕೊಟ್ಟಿದ್ದರೆ ನಮಗೆ ಸಮಾಧಾನವಾಗುತ್ತಿತ್ತು, ನಾಚಿಕೆಯಾಗುತ್ತಿರಲಿಲ್ಲ.

ಬಾಣಂತಿಯ ಮನಸ್ಸಿನ ಬಗ್ಗೆ ಇಷ್ಟು ತಿಳಿದು ಬರೆದ ತ್ರಿವೇಣಿಯವರೇ 1963ರ ಜುಲೈಯಲ್ಲಿ, ಮಗಳು ಹುಟ್ಟಿ ಹತ್ತೇ ದಿನಕ್ಕೆ ತೀರಿಕೊಂಡರು. ಮೂವತ್ತೈದು ಇನ್ನೂ ತುಂಬಿರಲಿಲ್ಲ.

ಇಲ್ಲಿ ಒಂದು ಮಾತನ್ನು ಕಥೆಯ ಹೊರಗೆ ನಿಂತು ಹೇಳಿಬಿಡುತ್ತೇನೆ, ಸಂಪಾದಕರು ಬೇಡ ಅನ್ನಲಿಕ್ಕಿಲ್ಲ. ಹೆತ್ತ ಮೊದಲ ವಾರ ಸುಮ್ಮಸುಮ್ಮನೆ ಅಳು ಬರುವುದು, ಸಣ್ಣದಕ್ಕೂ ಸಿಟ್ಟು ಬರುವುದು ತುಂಬ ಮಂದಿಗೆ ಆಗುತ್ತದೆ. ಹತ್ತು ಹದಿನೈದು ದಿನದಲ್ಲಿ ತಾನಾಗಿ ಇಳಿಯುತ್ತದೆ. ಎರಡು ವಾರ ದಾಟಿಯೂ ಇಳಿಯದಿದ್ದರೆ, ಮಗುವನ್ನು ನೋಡಿದರೂ ಏನೂ ಅನ್ನಿಸದಿದ್ದರೆ, ಬದುಕೇ ಬೇಡ ಎನ್ನಿಸಿದರೆ ಅದು ‘ನಾಟಕ’ ಅಲ್ಲ, ಸೊಕ್ಕೂ ಅಲ್ಲ, ದೃಷ್ಟಿಯೂ ಅಲ್ಲ. ಡಾಕ್ಟರರಿಗೆ ತೋರಿಸಬೇಕಾದ ಕಾಯಿಲೆ. ಇಲ್ಲದ ದನಿ ಕೇಳಿಸುವುದು, ನಿದ್ದೆಯೇ ಇಲ್ಲದೆ ವಿಚಿತ್ರ ಸಂಶಯ ಪಡುವುದು ಕಂಡರೆ ಆ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ನಾಳೆಗೆ ಇಡಬಾರದು. 14416 ಎಂಬ ಟೆಲಿ ಮಾನಸ್ ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು; 2022ರಿಂದ ನಡೆಯುತ್ತಿರುವ ಸರಕಾರದ ಸೇವೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಗ್ಯಾಸಿನವರ ನಂಬರಿನ ಪಕ್ಕ ಇದನ್ನೂ ಬರೆದಿಡಿ.

ನಮ್ಮ ಊರಲ್ಲಿ ಬಾಣಂತಿಗೆ ಏನು ಕಡಿಮೆ? ನಲವತ್ತು ದಿನ ಎಣ್ಣೆ ಹಚ್ಚಿ ಬಿಸಿನೀರು, ಓಮ-ಬೆಳ್ಳುಳ್ಳಿ, ಕಾಳುಮೆಣಸಿನ ಸಾರು, ಲೇಹ್ಯ. ಮೈಗೆ ಬೇಕಾದದ್ದೆಲ್ಲ ಸಿಗುತ್ತದೆ. ನನ್ನ ಎರಡನೇ ಹೆರಿಗೆಯ ಹೊತ್ತಿಗೆ ನನ್ನ ತಾಯಿ ಇರಲಿಲ್ಲ. ಆಟಿ ತಿಂಗಳ ಮಳೆ, ಒಣಗದ ಬಟ್ಟೆ, ದೊಡ್ಡ ಮಗುವಿಗೆ ಜ್ವರ. ನಾನು ಒಲೆಯ ಹತ್ತಿರ ನಿಂತು ಕಾರಣವಿಲ್ಲದೆ ಅಳುತ್ತಿದ್ದೆ. ಪಕ್ಕದ ಮನೆಯ ಕೊಂಕಣಿ ಬಾಯಿ ಮಧ್ಯಾಹ್ನ ಮೂರು ಗಂಟೆಗೆ ಬರುತ್ತಿದ್ದರು. ಉಪದೇಶ ಮಾಡುವ ಜನ ಅವರಲ್ಲ. “ಕೊಡಿ ಇಲ್ಲಿ, ನೀವು ಮಲಗಿ” ಎಂದು ಮಗುವನ್ನು ತೆಗೆದುಕೊಂಡು ಚಾವಡಿಯಲ್ಲಿ ಕೂತುಬಿಡುತ್ತಿದ್ದರು. ಒಂದು ಗಂಟೆ. ಹೀಗೆ ಎರಡು ತಿಂಗಳು. ಅವರು ಮಗುವಿಗೆ ಯಾವ ಹಾಡು ಹೇಳುತ್ತಿದ್ದರೋ ನನಗೆ ಗೊತ್ತಿಲ್ಲ, ನಾನು ನಿದ್ದೆ ಮಾಡುತ್ತಿದ್ದೆ. ಅವರನ್ನು ಏನೆಂದು ಕರೆಯಬೇಕು? ಅತ್ತಿಗೆ, ನಾದಿನಿ, ಚಿಕ್ಕಮ್ಮ ಎಲ್ಲದಕ್ಕೂ ಹೆಸರುಂಟು, ಮದುವೆಯ ಕಾಗದದಲ್ಲಿ ಜಾಗವುಂಟು. ಗೆಳತಿಗೆ ಇಲ್ಲ.

ಹೆರದ ತಾಯಿ

ಹೆತ್ತವಳು ಮಾತ್ರ ತಾಯಿಯೇ ಎಂಬ ಪ್ರಶ್ನೆಗೆ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ದಷ್ಟು ಚೆಂದದ ಉತ್ತರ ನನಗೆ ಬೇರೆ ಕಂಡಿಲ್ಲ. 1976ರಲ್ಲಿ ಬಂದ ಈ ಕಾದಂಬರಿ ಕಟ್ಟುಕಥೆಯಲ್ಲ, ಇಂದಿರಾ ಅವರ ಕುಟುಂಬದ ಹಿರಿಯಜ್ಜಿಯೊಬ್ಬರ ಬದುಕು. ಒಂಬತ್ತು ವರ್ಷಕ್ಕೆ ಮದುವೆ, ಬೆನ್ನಿಗೇ ವೈಧವ್ಯ, ಮುಂದೆ ತಲೆ ಬೋಳಿಸಿ ಕೆಂಪು ಸೀರೆ, ನೂರಹನ್ನೆರಡು ವರ್ಷದ ಆಯುಷ್ಯ! ಗಂಡನ ಮುಖ ಸರಿಯಾಗಿ ನೋಡದ ಈ ಹೆಂಗಸು ಊರ ಬಸುರಿಯರ ಪಾಲಿಗೆ ಕೈಯಾಸರೆಯಾದಳು. ಮುಟ್ಟಬಾರದವರೆಂದು ಆ ಕಾಲ ದೂರ ಇಟ್ಟಿದ್ದ ಕೇರಿಯ ಹೆಣ್ಣೊಬ್ಬಳ ಹೆರಿಗೆ ಕಟ್ಟಿದಾಗ ಯಾರಿಗೂ ತಿಳಿಯದಂತೆ ಹೋಗಿ ತಾಯಿ-ಮಗು ಇಬ್ಬರನ್ನೂ ಉಳಿಸಿ ಬರುತ್ತಾಳೆ. ಮಡಿಯ ಹೆಂಗಸು ಮಾಡಿದ ಈ ಕೆಲಸ ಎಷ್ಟು ದೊಡ್ಡದೆಂದು ಇವತ್ತಿನ ಹುಡುಗಿಯರಿಗೆ ಬಿಡಿಸಿ ಹೇಳಬೇಕಾದೀತು.

ನನಗೆ ಅದಕ್ಕಿಂತಲೂ ಹಿಡಿಸಿದ್ದು ದಾಕ್ಷಾಯಿಣಿಯ ಭಾಗ. ದಾಕ್ಷಾಯಿಣಿ ಎಳೆಯ ವಿಧವೆ, ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿಯುತ್ತಾಳೆ. ಮನೆಯವರೆಲ್ಲ ಹರಿಹಾಯುತ್ತಾರೆ. ಆಗ ಅವಳ ಪರವಾಗಿ ನಿಲ್ಲುವುದು ಯಾರು? ತಾನೇ ತಲೆ ಬೋಳಿಸಿಕೊಂಡು ಕೂತ ಫಣಿಯಮ್ಮ. “ನಾನು ಅನುಭವಿಸಿದೆ, ನೀನೂ ಅನುಭವಿಸು” ಎನ್ನುವ ಹೆಂಗಸರನ್ನು ನಾವು ಎಷ್ಟು ನೋಡಿಲ್ಲ! ಫಣಿಯಮ್ಮ ಹಾಗೆನ್ನಲಿಲ್ಲ. ಎರಡು ಜಡೆ ಒಟ್ಟಿಗಿರಲಾರವು ಎನ್ನುವವರು ಇಲ್ಲಿ ಲೆಕ್ಕ ಹಾಕಲಿ: ಒಂದು ಜಡೆಯನ್ನು ಉಳಿಸಲಿಕ್ಕೆ ಜಡೆಯೇ ಇಲ್ಲದ ಒಬ್ಬಳು ಬಂದಳು.

ಈ ಕಥೆ ನಮಗೆ ತಲುಪಿದ ದಾರಿಯೂ ಹೆಂಗಸರದ್ದೇ. ಫಣಿಯಮ್ಮ ತನ್ನ ಬದುಕನ್ನು ಹೇಳಿಕೊಂಡದ್ದು ಇಂದಿರಾ ಅವರ ತಾಯಿಯ ಹತ್ತಿರ, ತಾಯಿ ಹೇಳಿದ್ದು ಮಗಳಿಗೆ. ಮಗಳು ಬರೆದದ್ದನ್ನು 1983ರಲ್ಲಿ ಸಿನಿಮಾ ಮಾಡಿದವರು ಪ್ರೇಮಾ ಕಾರಂತರು, ನಮ್ಮ ಬಂಟ್ವಾಳ ಕಡೆಯ ಬಿ. ವಿ. ಕಾರಂತರ ಪತ್ನಿ. ಇಂದಿರಾ ಅವರು ಬರವಣಿಗೆಗೆ ಕೂತದ್ದು ನಲವತ್ತೈದರ ವಯಸ್ಸಿನಲ್ಲಿ ಎಂಬುದನ್ನೂ ನೆನಪಿಡಿ. ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ, ತ್ರಿವೇಣಿ ತೀರಿಕೊಂಡ ವರ್ಷವೇ.

ಡಾಕ್ಟರಾಗಿದ್ದ ಅನುಪಮಾ ನಿರಂಜನರನ್ನು ಬಿಟ್ಟರೆ ನನ್ನ ವಾರಿಗೆಯವರು ಸುಮ್ಮನಿರಲಿಕ್ಕಿಲ್ಲ. ‘ತಾಯಿ-ಮಗು’ ಪುಸ್ತಕ ಎಷ್ಟೋ ಮನೆಗಳಲ್ಲಿ ಪಂಚಾಂಗದ ಪಕ್ಕ ಇರುತ್ತಿತ್ತು. ‘ದಿನಕ್ಕೊಂದು ಕಥೆ’ ಓದಿ ಹೇಳದೆ ನನ್ನ ಮಕ್ಕಳು ಮಲಗುತ್ತಿರಲಿಲ್ಲ. ಆದರೆ ಅವರ ‘ಮಾಧವಿ’ ಕಾದಂಬರಿಯನ್ನೂ ಹುಡುಕಿ ಓದಿ. ಮಹಾಭಾರತದ ಯಯಾತಿಯ ಮಗಳು ಮಾಧವಿ, ಗಾಲವನ ಗುರುದಕ್ಷಿಣೆಯ ಎಂಟುನೂರು ಕುದುರೆಗಳಿಗಾಗಿ ಒಬ್ಬ ರಾಜನಾದ ಮೇಲೊಬ್ಬನಿಗೆ ಮಗನನ್ನು ಹೆತ್ತು ಕೊಡುತ್ತ ಹೋಗುತ್ತಾಳೆ. ಹೆತ್ತದ್ದನ್ನು ಬಿಟ್ಟು ಮುಂದಿನ ಅರಮನೆಗೆ! ಆ ಹೆಣ್ಣಿನ ಮನಸ್ಸನ್ನು ಒಬ್ಬ ಡಾಕ್ಟರಮ್ಮನೇ ಬರೆಯಬೇಕಿತ್ತು.

ಕುಂದಾಪುರದ ಅಂಗಳ

ಇನ್ನು ನಮ್ಮ ಕಡೆಗೆ ಬರುವ. ಮಂಗಳೂರಿನಿಂದ ಬಡಗು ದಿಕ್ಕಿಗೆ ಬಸ್ಸು ಹತ್ತಿದರೆ ಉಡುಪಿ, ಕುಂದಾಪುರ. ಕುಂದಾಪುರದ ದೊಡ್ಡ ಮನೆಯೊಂದರಲ್ಲಿ 1945ರಲ್ಲಿ ಹುಟ್ಟಿದ ವಸಂತಿ ಎಂಬ ಹುಡುಗಿ ಮುಂದೆ ವೈದೇಹಿ ಆದರು. ಆ ಹೆಸರು ಬಂದ ಕಥೆ ಸ್ವಾರಸ್ಯದ್ದು. ಪತ್ರಿಕೆಗೆ ಕಳಿಸಿದ ಕಥೆ ನಿಜವಾಗಿ ನಡೆದದ್ದು, ಅಚ್ಚು ಮಾಡಬೇಡಿ ಎಂದು ಅವರು ಕೇಳಿಕೊಂಡರೆ, ಸಂಪಾದಕರು ಲೇಖಕಿಯ ಹೆಸರನ್ನೇ ‘ವೈದೇಹಿ’ ಎಂದು ಬದಲಿಸಿ ಅಚ್ಚು ಮಾಡಿಬಿಟ್ಟರಂತೆ! 2009ರಲ್ಲಿ ‘ಕ್ರೌಂಚ ಪಕ್ಷಿಗಳು’ ಕಥಾಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ವೈದೇಹಿಯವರ ಕಥೆಗಳಲ್ಲಿ ಹೆಂಗಸರು ಗುಂಪಾಗಿಯೇ ಇರುತ್ತಾರೆ. ಜಗಲಿಯಲ್ಲಿ, ಬಾವಿಕಟ್ಟೆಯಲ್ಲಿ, ಹಪ್ಪಳ ಒತ್ತುವಲ್ಲಿ. ಒಬ್ಬರ ಕಾಲನ್ನು ಒಬ್ಬರು ಎಳೆಯುತ್ತಾರೆ, ಚಾಡಿಯೂ ಹೇಳುತ್ತಾರೆ, ಮತ್ತೆ ಒಬ್ಬಳ ಕಣ್ಣೀರನ್ನು ಇನ್ನೊಬ್ಬಳು ಸೆರಗಿನಲ್ಲಿ ಒರೆಸುತ್ತಾಳೆ. ಗಂಡ ಬಿಟ್ಟುಹೋದ ಅಕ್ಕು ತಾನು ಬಸುರಿ ಎಂದು ಹೇಳಿಕೊಂಡು ತಿರುಗುತ್ತಾಳೆ. ಮನೆಮಂದಿಗೆ ಅದೊಂದು ತಮಾಷೆ. ಓದುವಾಗ ಮೊದಲು ನನಗೂ ನಗು ಬಂತು, ಆಮೇಲೆ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ತಾಯಿಯಾದರೆ ಮಾತ್ರ ಬೆಲೆ ಎಂದು ನೂರು ಬಾಯಿ ಹೇಳುತ್ತಿದ್ದರೆ ಆ ಹುಡುಗಿ ಇನ್ನೇನು ಮಾಡಬೇಕು? ಅಕ್ಕುವನ್ನೂ ಅಮ್ಮಚ್ಚಿಯನ್ನೂ ಸೇರಿಸಿ 2018ರಲ್ಲಿ ಚಂಪಾ ಶೆಟ್ಟಿಯವರು ‘ಅಮ್ಮಚ್ಚಿಯೆಂಬ ನೆನಪು’ ಎಂಬ ಸಿನಿಮಾ ಮಾಡಿದರು, ನಮ್ಮ ಕುಂದಾಪುರ ಕನ್ನಡದಲ್ಲೇ. ಅಮ್ಮಚ್ಚಿಯ ಕಥೆಯಲ್ಲಿ ಇಬ್ಬರು ಹುಡುಗಿಯರ ಗೆಳೆತನ ಉಂಟಲ್ಲ, ಪೇಟೆಗೆ ಹೋಗುವ ಆಸೆ, ಹೊಸ ನಮೂನೆಯ ರವಿಕೆಯ ಆಸೆ, ಅದನ್ನು ತಡೆಯುವ ವೆಂಕಪ್ಪಯ್ಯ! ಅಂಥ ಗೆಳತಿಯೊಬ್ಬಳು ನಮಗೆಲ್ಲ ಇದ್ದಳು. ಮದುವೆಯಾದ ಮೇಲೆ ಎಲ್ಲಿ ಹೋದಳು?

‘ಗುಲಾಬಿ ಟಾಕೀಸು’ ನನಗೆ ಬಹಳ ಇಷ್ಟ. ಹೆಂಗಸರಿಗೆ ಮಾತ್ರ ಎಂದು ಊರಲ್ಲೊಂದು ಟಾಕೀಸು ಬರುತ್ತದೆ. ಬಾಣಂತನ ಮಾಡಿಸುವ ಲಿಲ್ಲಿಬಾಯಿ ಅದರ ಗೇಟ್ ಕೀಪರ್. ಗಂಡಸರ ಕಣ್ಣಿಲ್ಲದ ಒಂದು ಜಾಗ, ದಿನಕ್ಕೆ ಮೂರು ಗಂಟೆ. ಅಷ್ಟರಲ್ಲೇ ಊರಿನ ಹೆಂಗಸರ ಉಡುಗೆ, ಮಾತು, ಕನಸು ಎಲ್ಲ ಒಂದಿಷ್ಟು ಅಲುಗುತ್ತದೆ. ಗಿರೀಶ ಕಾಸರವಳ್ಳಿಯವರು 2008ರಲ್ಲಿ ಮಾಡಿದ ಸಿನಿಮಾದಲ್ಲಿ ಟಾಕೀಸು ಹೋಗಿ ಟೀವಿ ಬಂದಿದೆ, ಉಮಾಶ್ರೀಗೆ ರಾಷ್ಟ್ರಪ್ರಶಸ್ತಿಯೂ ಬಂತು. ಅದು ಬೇರೆಯೇ ಕಥೆ, ಒಳ್ಳೆಯದೇ. ಆದರೂ ಪುಸ್ತಕದ ಲಿಲ್ಲಿಬಾಯಿಯೇ ನನಗೆ ಹತ್ತಿರ.

ವೈದೇಹಿಯವರು ಇನ್ನೊಂದು ಕೆಲಸ ಮಾಡಿದ್ದಾರೆ. ಉಡುಪಿಯಲ್ಲಿ ‘ಗಿರಿಬಾಲೆ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ, ‘ಸುಪ್ರಭಾತ’ ಎಂಬ ಪತ್ರಿಕೆಯನ್ನೇ ನಡೆಸಿದ ಸರಸ್ವತಿಬಾಯಿ ರಾಜವಾಡೆಯವರನ್ನು ಊರು ಮರೆತೇಬಿಟ್ಟಿತ್ತು. ವೈದೇಹಿ ಅವರ ಬದುಕನ್ನು ಪುಸ್ತಕ ಮಾಡಿದರು. ಅಜ್ಜಿಯ ವಯಸ್ಸಿನವರೊಬ್ಬರ ಸುದ್ದಿಯನ್ನು ಕೂತು ಕೇಳುವುದೂ ಒಂದು ಗೆಳೆತನವೇ ಅಲ್ಲವೇ?

ಹಾಗೆಂದು ಗೆಳೆತನ ಎಂದರೆ ಬರೀ ಸಕ್ಕರೆ ಪಾಕ ಎಂದು ಯಾರೂ ತಿಳಿಯಬಾರದು. 1939ರಲ್ಲಿ, ಬರೀ ಇಪ್ಪತ್ತೇಳನೇ ವಯಸ್ಸಿನಲ್ಲಿ, ಸಣ್ಣ ಮಗನನ್ನು ಬಿಟ್ಟು ನೀರುಪಾಲಾದ ಕೊಡಗಿನ ಗೌರಮ್ಮ ‘ವಾಣಿಯ ಸಮಸ್ಯೆ’ ಎಂಬ ಕಥೆ ಬರೆದಿದ್ದಾರೆ. ಎಳೆಯ ವಿಧವೆ ಇಂದು, ನೆರೆಮನೆಯ ವಾಣಿ. ಸ್ನೇಹ ಬೆಳೆಯುತ್ತದೆ, ಒಬ್ಬಳ ಮನೆಯನ್ನು ಇನ್ನೊಬ್ಬಳು ತನ್ನದೇ ಎಂಬಂತೆ ನೋಡಿ ಮಾಡುತ್ತಾಳೆ. ಆ ಸ್ನೇಹದ ಒಳಗೇ ಒಂದು ಇಕ್ಕಟ್ಟೂ ಬೆಳೆಯುತ್ತದೆ. ಏನೆಂದು ನಾನು ಹೇಳುವುದಿಲ್ಲ, ಓದಿಯೇ ತಿಳಿಯಿರಿ. ಎಂಬತ್ತು-ತೊಂಬತ್ತು ವರ್ಷದ ಹಿಂದೆಯೇ ಮಡಿಕೇರಿ ಕಡೆಯ ಒಬ್ಬ ಗೃಹಿಣಿ ಇಷ್ಟು ನಯವಾಗಿ ಇದನ್ನು ಬರೆದರಲ್ಲ ಎಂದು ನನಗೆ ಆಶ್ಚರ್ಯ. ಗೌರಮ್ಮ ಇಬ್ಬರಲ್ಲಿ ಯಾರನ್ನೂ ಕೆಟ್ಟವಳು ಮಾಡಲಿಲ್ಲ. ಟೀವಿ ಧಾರಾವಾಹಿಯವರಾಗಿದ್ದರೆ ಇಷ್ಟು ಹೊತ್ತಿಗೆ ಇಂದುವಿನ ಕೈಯಲ್ಲಿ ವಿಷದ ಬಾಟಲಿ ಇರುತ್ತಿತ್ತು.

ಚಂದ್ರಗಿರಿಯಿಂದ ಲಾಲ್‌ಬಾಗಿಗೆ

ಮಂಗಳೂರಿನಿಂದ ತೆಂಕು ದಿಕ್ಕಿನ ಬಸ್ಸು ಹತ್ತಿದರೆ ಕಾಸರಗೋಡು. ಅದರ ಆಚೆಗೆ ಚಂದ್ರಗಿರಿ ಹೊಳೆ. 1936ರಲ್ಲಿ ಅಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಕನ್ನಡ ಶಾಲೆಯಲ್ಲಿ ಓದಿದ ಮೊದಮೊದಲ ಮುಸ್ಲಿಂ ಹುಡುಗಿಯರಲ್ಲಿ ಒಬ್ಬರು. ಮನೆಮಾತು ಮಲಯಾಳ, ಬರೆದದ್ದು ಕನ್ನಡ. ಹೈಸ್ಕೂಲು ಮುಗಿದದ್ದೇ ಮದುವೆ. ಮುಂದೆ ಓದುವ ಆಸೆ ಆಸೆಯಾಗಿಯೇ ಉಳಿಯಿತು. ನಾಲ್ವರು ಗಂಡುಮಕ್ಕಳು. ಲೈಬ್ರರಿಯ ಸದಸ್ಯತ್ವ ಸಿಕ್ಕಿದ್ದೇ 1963ರಲ್ಲಿ, ಇಪ್ಪತ್ತೇಳನೇ ವಯಸ್ಸಿನಲ್ಲಿ. ನೋಡಿ, ಮತ್ತೆ ಅದೇ 1963! ಅಲ್ಲಿಂದ ಹದಿನೆಂಟು ವರ್ಷ ಅವರು ಓದಿದರು, ಮಕ್ಕಳನ್ನು ಬೆಳೆಸಿದರು. 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬರುವಾಗ ಅವರಿಗೆ ನಲವತ್ತೈದು. ಇಂದಿರಾ ಅವರು ಬರೆಯಲು ಕೂತ ವಯಸ್ಸೇ. ನಲವತ್ತರ ನಂತರ ನಮ್ಮದೆಲ್ಲ ಮುಗಿಯಿತು ಎಂದು ಕನ್ನಡಿ ನೋಡುವವರು ಈ ಎರಡು ಲೆಕ್ಕವನ್ನು ಗಮನಿಸಬಹುದು.

ಆ ಕಾದಂಬರಿಯ ನಾದಿರಾ, ಅಪ್ಪನ ಹಟಕ್ಕೆ ಸಿಕ್ಕಿ ಪ್ರೀತಿಯ ಗಂಡ ರಶೀದನಿಂದ ದೂರವಾಗುವ ಹೆಣ್ಣು. ತಲಾಕು ಆಗಿಹೋದ ಮೇಲೆ ಮತ್ತೆ ಗಂಡನನ್ನು ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಬೇಕು ಎಂಬ ಕಟ್ಟಲೆ ಅವಳ ಎದುರು ನಿಲ್ಲುತ್ತದೆ. ನಾನು ಇಲ್ಲಿ ಹೇಳಬೇಕೆಂದಿರುವುದು ನಾದಿರಾಳ ತಾಯಿಯ ಬಗ್ಗೆ. ಮಗಳಿಗೆ ಅನ್ಯಾಯವಾಗುತ್ತಿದೆ ಎಂದು ಅವಳಿಗೆ ಗೊತ್ತು. ಮಗಳ ಮೇಲೆ ಪ್ರಾಣವೇ ಉಂಟು. ಗಂಡನ ಎದುರು ನಿಂತು ಒಂದು ಮಾತು ಆಡುವ ಬಲ ಮಾತ್ರ ಇಲ್ಲ. ಪ್ರೀತಿ ಒಂದೇ ಸಾಕು, ತಾಯಿ ಎಂದರೆ ಮಹಾಶಕ್ತಿ ಎಂದು ಹಾಡುವವರು ಈ ತಾಯಿಯನ್ನು ಒಮ್ಮೆ ನೋಡಬೇಕು. ಕೈಯಲ್ಲಿ ಕಾಸಿಲ್ಲದ, ಹೋಗಲಿಕ್ಕೆ ಬೇರೆ ಮನೆಯಿಲ್ಲದ, ಜೊತೆಗೆ ನಿಲ್ಲುವ ಇನ್ನೊಂದು ಹೆಣ್ಣಿನ ದನಿಯಿಲ್ಲದ ತಾಯಿಯ ಪ್ರೀತಿ ಏನು ಮಾಡೀತು? ಸಾರಾ ಇದನ್ನು ಒಂದು ಧರ್ಮದವರ ಮನೆಯೊಳಗೆ ಇಟ್ಟು ಬರೆದರು. ನಾನು ಓದುವಾಗ ನನ್ನ ಅಜ್ಜಿ ನೆನಪಾದರು. ಅವರಿಗೂ ಅಡುಗೆಮನೆಯ ಬಾಗಿಲಿನ ಈಚೆ ಮಾತಿರಲಿಲ್ಲ.

ಸಾರಾ ಅವರು ಮಂಗಳೂರಿನ ಲಾಲ್‌ಬಾಗಿನಲ್ಲಿ ನೆಲೆಸಿದ್ದರು. ಚಂದ್ರಗಿರಿ ಎಂಬ ಹೆಸರಲ್ಲೇ ತಮ್ಮದೇ ಪ್ರಕಾಶನ ಮಾಡಿ ಪುಸ್ತಕ ಹೊರತಂದರು, ಮಲಯಾಳದಿಂದಲೂ ಕನ್ನಡಕ್ಕೆ ತಂದರು. ‘ಹೊತ್ತು ಕಂತುವ ಮುನ್ನ’ ಅವರ ಆತ್ಮಕಥೆ. 2023ರ ಜನವರಿ 10ರಂದು ಇಲ್ಲೇ ತೀರಿಕೊಂಡರು. 1990ರಿಂದ 94ರವರೆಗೆ ಅವರು ಕರಾವಳಿ ಲೇಖಕಿಯರ ಮತ್ತು ವಾಚಕಿಯರ ಸಂಘದ ಅಧ್ಯಕ್ಷೆಯಾಗಿದ್ದರು. ಆ ಹೆಸರನ್ನು ಮತ್ತೊಮ್ಮೆ ಓದಿ ನೋಡಿ. ಲೇಖಕಿಯರ ಸಂಘ ಎಂದರೆ ಸಾಕಿತ್ತು. ವಾಚಕಿಯರನ್ನೂ, ಅಂದರೆ ಓದುವ ನಮ್ಮಂಥವರನ್ನೂ, ಅದೇ ಬೆಂಚಿನಲ್ಲಿ ಕೂರಿಸಿದ್ದಾರೆ! ಬರೆಯುವವಳು ವೇದಿಕೆಯ ಮೇಲೆ, ಓದುವವಳು ಕೆಳಗೆ ಎಂಬ ಲೆಕ್ಕ ಇಲ್ಲ. ಉರ್ವಸ್ಟೋರಿನ ಸಾಹಿತ್ಯ ಸದನದಲ್ಲಿ ಅವರ ಸಭೆ ನಡೆಯುತ್ತದೆ. ಮಂಗಳೂರಿನ ಸುತ್ತಮುತ್ತಲಿನವರು ಒಮ್ಮೆ ಹೋಗಿ ಬನ್ನಿ, ಕೈಯಲ್ಲಿ ಪುಸ್ತಕ ಬರೆದ ಅನುಭವ ಇರಬೇಕೆಂದಿಲ್ಲ.

ಎದೆಯ ಹಣತೆ

2025ರ ಮೇ 20ರಂದು ಲಂಡನ್ನಿನಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಸುದ್ದಿ ನೀವೆಲ್ಲ ಓದಿದ್ದೀರಿ. ಕನ್ನಡಕ್ಕೆ ಮೊದಲ ಸಲ, ಸಣ್ಣಕಥೆಗಳ ಪುಸ್ತಕವೊಂದಕ್ಕೂ ಮೊದಲ ಸಲ. ಇಂಗ್ಲಿಷಿಗೆ ಮಾಡಿದವರು ಕೊಡಗಿನ ದೀಪಾ ಭಾಸ್ತಿ. ಪ್ರಶಸ್ತಿಯ ಐವತ್ತು ಸಾವಿರ ಪೌಂಡು ಇಬ್ಬರಿಗೂ ಸಮಪಾಲು. ಅದಕ್ಕೆ ಮೊದಲು ಕೊಡಗಿನ ಗೌರಮ್ಮನ ಕಥೆಗಳನ್ನು ಇಂಗ್ಲಿಷಿಗೆ ಮಾಡಿದವರೂ ಇದೇ ದೀಪಾ. ಒಬ್ಬಳು ಬರೆದದ್ದನ್ನು ಇನ್ನೊಬ್ಬಳು ಎತ್ತಿಕೊಂಡು ನಡೆಯುವುದು, ಇಂದಿರಾ ಅವರ ಮನೆಯಲ್ಲಿ ನಡೆದ ಹಾಗೆಯೇ.

ಬಾನು ಅವರು ತಮ್ಮ ಮಾತುಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ: ಪ್ರೀತಿಸಿ ಮದುವೆಯಾದವರು, ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ತಾಯಿಯಾದ ಮೇಲೆ ಖಿನ್ನತೆಗೆ ಬಿದ್ದರು, ಸಾಯಬೇಕೆಂದು ಹೊರಟದ್ದೂ ಉಂಟು. ಆಗ ಗಂಡ ಬಂದು ತಡೆದರು. ‘ಎದೆಯ ಹಣತೆ’ ಕಥೆಯ ಮೆಹರುನ್‌ಗೆ ಅಂಥ ಗಂಡನಿಲ್ಲ. ಅವನು ಬೇರೊಬ್ಬಳ ಹಿಂದೆ ಹೋಗಿದ್ದಾನೆ. ಕೂಸನ್ನು ಎತ್ತಿಕೊಂಡು ತವರಿಗೆ ಬಂದರೆ ಅಣ್ಣಂದಿರು ಮರ್ಯಾದೆಯ ಮಾತು ಹೇಳಿ ತಿರುಗಿ ಬಿಟ್ಟು ಬರುತ್ತಾರೆ. ರಾತ್ರಿ ಅವಳು ಬದುಕು ಮುಗಿಸಲು ಹೊರಟಾಗ ತಡೆಯುವುದು ದೊಡ್ಡ ಮಗಳು ಸಲ್ಮಾ. ಕೂಸನ್ನು ತಂದು ತಾಯಿಯ ಎದುರು ಇಟ್ಟು ಅಂಗಲಾಚುತ್ತಾಳೆ. ಆ ಗಳಿಗೆಯಲ್ಲಿ ಮೆಹರುನ್‌ಗೆ ತನ್ನನ್ನು ತಿಳಿದುಕೊಂಡ ಒಬ್ಬ ಗೆಳತಿಯೇ ಬಂದು ಮುಟ್ಟಿದ ಹಾಗಾಗುತ್ತದೆ.

ಇದನ್ನು ಓದಿ ನಾನು ಅತ್ತೆ. ಆಮೇಲೆ ಎರಡು ದಿನ ಮನಸ್ಸಿಗೆ ಸಮಾಧಾನವಿರಲಿಲ್ಲ. ಮಗಳು ತಾಯಿಗೆ ಗೆಳತಿಯಾದಳು, ಚೆಂದವೇ. “ನನ್ನ ಮಗಳೇ ನನ್ನ ಫ್ರೆಂಡ್” ಎಂದು ನಾವೂ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಸಲ್ಮಾ ಇನ್ನೂ ಎಳೆಯ ಹುಡುಗಿ. ಶಾಲೆಯ ಪುಸ್ತಕ ಹಿಡಿಯಬೇಕಾದ ಕೈಯಲ್ಲಿ ತಾಯಿಯ ಜೀವವನ್ನು ಹಿಡಿಯಬೇಕಾಗಿ ಬಂತಲ್ಲ! ಅದೇ ಸಂಕಲನದ ಇನ್ನೊಂದು ಕಥೆಯ ಶಾಯಿಸ್ತಾಗೆ ಮಕ್ಕಳು ಒಂದರ ಹಿಂದೆ ಒಂದು. ತಮ್ಮ-ತಂಗಿಯರನ್ನು ನೋಡಿಕೊಳ್ಳಲಿಕ್ಕೆ ದೊಡ್ಡ ಮಗಳು ಆಸಿಫಾ ಶಾಲೆ ಬಿಟ್ಟಿದ್ದಾಳೆ. ಆ ಮನೆಯ ಕಥೆಯನ್ನು ನಮಗೆ ಹೇಳುವವಳು ಶಾಯಿಸ್ತಾಳ ಸ್ನೇಹ ಬೆಳೆಸಿದ ಜೀನತ್ ಎಂಬ ಇನ್ನೊಬ್ಬ ಹೆಂಗಸು. ಗೆಳತಿ ಇದ್ದಳು ಎಂದೇ ಶಾಯಿಸ್ತಾಳ ಕಥೆ ಉಳಿಯಿತು. ಮೆಹರುನ್‌ಗೆ ಪಕ್ಕದ ಮನೆಯಲ್ಲಿ ಒಬ್ಬ ಜೀನತ್ ಇದ್ದಿದ್ದರೆ ಸಲ್ಮಾ ಆ ರಾತ್ರಿ ನಿದ್ದೆ ಮಾಡಬಹುದಿತ್ತು.

ನಮ್ಮ ಹೆಣ್ಣುಮಕ್ಕಳ ಹತ್ತಿರ ನಾವು ಎಷ್ಟು ಹೇಳಿಕೊಳ್ಳಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂದು ನಾನು ಈಗ ಯೋಚಿಸುತ್ತಿದ್ದೇನೆ. ಅಪ್ಪನ ಸಾಲ, ಅತ್ತೆಯ ಚುಚ್ಚುಮಾತು, ನನ್ನ ಮೈನೋವು ಎಲ್ಲವನ್ನೂ ಹದಿನಾಲ್ಕರ ಹುಡುಗಿಯ ತಲೆಗೆ ಸುರಿದು ‘ನಾವು ಗೆಳತಿಯರು’ ಎನ್ನುವುದು ಸರಿಯೋ? ನಮ್ಮದೇ ವಯಸ್ಸಿನ ಗೆಳತಿಗೆ ಹೇಳಬೇಕಾದದ್ದು ಅದು. ಆದರೆ ಆ ಗೆಳತಿಯನ್ನು ಮದುವೆಯಾದ ವರ್ಷವೇ ಬಿಟ್ಟು ಬಂದಿರುತ್ತೇವೆ. ಗಂಡಸರಿಗೆ ನಲವತ್ತು ವರ್ಷದ ಸ್ನೇಹಿತರು ಇರುತ್ತಾರೆ, ಸಂಜೆ ಕಟ್ಟೆಯಲ್ಲಿ ಕೂರುತ್ತಾರೆ, ಯಾರೂ ಕೇಳುವುದಿಲ್ಲ. ನಾವು ಅರ್ಧ ಗಂಟೆ ಗೇಟಿನಲ್ಲಿ ನಿಂತು ಮಾತಾಡಿದರೆ “ಒಲೆಯಲ್ಲಿ ಏನಾದರೂ ಉಂಟಾ?” ಎಂದು ಒಳಗಿನಿಂದ ದನಿ ಬರುತ್ತದೆ.

ನಮ್ಮ ಓಣಿಯಲ್ಲಿ ಈಗ ಆರು ಮಂದಿ ಇದ್ದೇವೆ. ಸಂಘ ಗಿಂಘ ಏನಿಲ್ಲ, ಹೆಸರೂ ಇಟ್ಟಿಲ್ಲ. ಬುಧವಾರ ಮೂರು ಗಂಟೆಗೆ ಯಾರಾದರೊಬ್ಬರ ಚಾವಡಿ. ಬೀನ್ಸು ಹೆಚ್ಚಲಿಕ್ಕೆ ಇದ್ದವರು ಅದನ್ನೂ ತರುತ್ತಾರೆ. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು. ಕಣ್ಣಿನ ಪೊರೆ ಬಂದ ಇಬ್ಬರು ಹಿರಿಯರಿಗೆ ಇದರಿಂದ ಬಹಳ ಅನುಕೂಲ. ಮಧ್ಯೆ ಜಗಳವೂ ಆಗುತ್ತದೆ. ಕಾವೇರಿಯ ಗಂಡನ ವಿಷಯದಲ್ಲಿ ಹೋದ ತಿಂಗಳು ಇಬ್ಬರು ಒಂದು ವಾರ ಮಾತು ಬಿಟ್ಟಿದ್ದರು. ಲೈಬ್ರರಿಯಿಂದ ತಂದ ‘ಚಂದ್ರಗಿರಿಯ ತೀರದಲ್ಲಿ’ ಈಗ ಮೂರನೇ ಮನೆಯಲ್ಲಿ ಉಂಟು. ಆ ಮನೆಯ ಸೊಸೆಗೆ ಮೊನ್ನೆ ಹೆರಿಗೆಯಾಗಿದೆ, ಹೆಣ್ಣುಮಗು. ಮೊದಲ ತಿಂಗಳು ನಾವು ಸರದಿಯಲ್ಲಿ ಮಧ್ಯಾಹ್ನ ಒಂದೊಂದು ಗಂಟೆ ಹೋಗುವುದೆಂದು ಮಾಡಿದ್ದೇವೆ. ನನ್ನ ಪಾಳಿ ಮಂಗಳವಾರ ಮತ್ತು ಶುಕ್ರವಾರ.